ಪಟ್ಟಿಯ ಕೊನೆಯ ಸಾಲಿನ ನರಸಮ್ಮ

ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದವರು ಹಳೆಯ ತಪಾಸಣೆ ಪುಸ್ತಕಗಳನ್ನು ತಿರುವಿ ಹಾಕುವಾಗ ಒಂದು ವಿಚಿತ್ರ ಕಂಡರಂತೆ. ನಾನು ಬರೆದ ಪ್ರತಿ ಪಟ್ಟಿಯ ಕೊನೆಯ ಸಾಲಿನಲ್ಲೂ ಒಬ್ಬ ಹೆಣ್ಣುಮಗಳ ಹೆಸರು. ಅವರಲ್ಲೊಬ್ಬ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಯಾರ್ರೀ ಸರ್ ಈ ನರಸಮ್ಮ? ನಿಮ್ಮ ಮನ್ಯಾಗ ಗೊತ್ತದ ಏನು?" ಎಂದು ಕಣ್ಣು ಮಿಟುಕಿಸಿದ. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಆ ಹೆಸರಿನ ಹಿಂದಿನ ಕಥೆ ತಿಳಿದಿರಲಿ ಎಂದು ಇದನ್ನು ಬರೆಯಲು ಕುಳಿತಿದ್ದೇನೆ.

ನನ್ನ ಹೆಸರು ಬಸಲಿಂಗಪ್ಪ. ಎಪ್ಪತ್ತರ ದಶಕದ ನಡುವೆ ಧಾನ್ಯದ ಗೋದಾಮುಗಳಲ್ಲಿ ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಸೇರಿದೆ. ಕೇಳುವುದಕ್ಕೆ ಸುಲಭದ ಕೆಲಸ. ತುದಿ ಚೂಪಾದ, ಒಳಗೆ ಟೊಳ್ಳಾದ ಕಬ್ಬಿಣದ ಸಲಾಕೆಯನ್ನು ಚೀಲಕ್ಕೆ ಚುಚ್ಚಬೇಕು, ಅದರೊಳಗೆ ಇಳಿದುಬಂದ ಹಿಡಿ ಕಾಳನ್ನು ನೋಡಿ ಇಡೀ ಚೀಲ ಹೇಗಿದೆ ಎಂದು ಹೇಳಬೇಕು. ಹತ್ತು ಚೀಲ ಚುಚ್ಚಿ ಇನ್ನೂರು ಚೀಲಕ್ಕೆ ಸಹಿ ಹಾಕಬೇಕು. ಚುಚ್ಚದೆ ಬಿಟ್ಟ ನೂರಾತೊಂಬತ್ತು ಚೀಲಗಳನ್ನು ಊರ ಜನ ತಿನ್ನುತ್ತಾರೆ. ನಾನು ಹುಟ್ಟಾ ಅಂಜುಬುರುಕ. ಆ ನೂರಾತೊಂಬತ್ತು ಚೀಲಗಳು ಇಷ್ಟು ವರ್ಷ ನನ್ನ ಎದೆಯ ಮೇಲೇ ಕುಳಿತಿದ್ದವು ಎಂದರೆ ಸುಳ್ಳಲ್ಲ.

ನನಗೆ ಕೆಲಸ ಕಲಿಸಿದವರು ವೆಂಕಟರಾವ್ ಸಾಹೇಬರು. ಹೈದರಾಬಾದಿನಲ್ಲಿ ಓದಿದವರು, ಮಾತಿನ ನಡುವೆ ಉರ್ದು ಬೆರೆಸುವವರು, ಎಲೆ ಅಡಿಕೆ ಬಾಯಿಯಲ್ಲಿದ್ದಾಗ ಮಾತ್ರ ಸಮಾಧಾನದಿಂದ ಇರುವವರು. ಮೊದಲ ವಾರವೇ ನನ್ನನ್ನು ಎದುರಿಗೆ ಕೂಡಿಸಿಕೊಂಡು ಮೇಜಿನ ಮೇಲೆ ಎರಡು ನಾಣ್ಯ ಇಟ್ಟರು. ಒಂದು ನಾಲ್ಕಾಣೆ, ಒಂದು ಎಂಟಾಣೆ.

"ಎರಡನ್ನೂ ಕೂಡೇ ಮ್ಯಾಲೆ ಹಾರಿಸಿದ್ರ ಏನೇನು ಬೀಳಬಹುದು, ಬರಿ" ಎಂದರು.

ನಾನು ಜಂಬದಿಂದ ಮೂರು ಬರೆದೆ. ಎರಡೂ ಸಿಂಹ. ಎರಡೂ ಅಂಕಿ. ಒಂದು ಸಿಂಹ, ಒಂದು ಅಂಕಿ.

"ಹಂಗಾದ್ರ ಮೂರೂ ಸರಿಸಮ ಬೀಳಬೇಕಲ್ಲ? ಹಾರಿಸು. ಗೀಟು ಹಾಕು."

ಅರ್ಧ ದಿನ ನಾಣ್ಯ ಹಾರಿಸಿದೆ. ಕಚೇರಿಯ ಮಂದಿ ಬಂದು ನೋಡಿ ನಕ್ಕು ಹೋದರು. ಒಂದು ಸಿಂಹ ಒಂದು ಅಂಕಿ ಎಂಬ ಸಾಲಿನ ಗೀಟುಗಳು ಉಳಿದ ಒಂದೊಂದು ಸಾಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಆದವು. ನಾನು ಬೆಪ್ಪನಂತೆ ಕುಳಿತೆ.

"ಅಕಲ್ ಎಲ್ಲಿ ಇಟ್ಟಿ ಬಸಲಿಂಗಪ್ಪ? ನಾಲ್ಕಾಣೆ ಸಿಂಹ ಎಂಟಾಣೆ ಅಂಕಿ ಬ್ಯಾರೆ. ನಾಲ್ಕಾಣೆ ಅಂಕಿ ಎಂಟಾಣೆ ಸಿಂಹ ಬ್ಯಾರೆ. ಎರಡನ್ನ ಗಂಟು ಹಾಕಿ ಒಂದು ಮಾಡಿಬಿಟ್ಟಿ. ಅವು ನಾಲ್ಕು." ಆಮೇಲೆ ಎಲೆಯ ರಸ ನುಂಗಿ ಹೇಳಿದರು, "ಏನೇನು ಆಗಬಹುದೋ ಅದನ್ನೆಲ್ಲ ಒಂದೂ ಬಿಡದಂಗ, ಒಂದನ್ನೂ ಎರಡು ಸಲ ಹಿಡಿಯದಂಗ ಬರದ ಪಟ್ಟಿಗಿ ಫಲಿತಗಣ ಅಂತಾರ. ಸಂಭವದ ಲೆಕ್ಕ ಎಲ್ಲಾ ಅದರ ಮ್ಯಾಲೆ ನಿಂತದ. ಒಂದು ಮಾತು ನೆನಪಿಡು. ಪಟ್ಟಿಯೊಳಗ ಇಲ್ಲದ್ದು ಬರಂಗಿಲ್ಲ ಅಂತಲ್ಲ. ಬಂದಾಗ ನಿನಗ ಗೊತ್ತಾಗಂಗಿಲ್ಲ, ಅಷ್ಟ."

ಆ ಮಾತನ್ನು ಬರೆದುಕೊಂಡೆ. ಬರೆದುಕೊಂಡರೆ ಕಲಿತಂತೆ ಎಂದು ತಿಳಿದಿದ್ದ ವಯಸ್ಸು ಅದು.

ಮುಂದಿನ ಪೆಟ್ಟು ಬಿದ್ದದ್ದು ಮಾನ್ವಿಯಲ್ಲಿ. ಒಂದು ಅಕ್ಕಿ ಗಿರಣಿಯ ಚೀಲಗಳನ್ನು ನೋಡಲು ಹೋಗಿದ್ದೆ. ಮಾಲೀಕರು ಹಣೆ ತುಂಬ ವಿಭೂತಿಯ, ಮೆತ್ತಗಿನ ಮಾತಿನ ಹಿರಿಯರು. ಬಂದವರಿಗೆಲ್ಲ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಚೀಲಗಳನ್ನು ಒಂದರ ಮೇಲೊಂದು, ಒಂದರ ಹಿಂದೊಂದು ಒಟ್ಟಿ ಗೋಡೆಯಂತೆ ನಿಲ್ಲಿಸಿದ್ದರು. ಅದಕ್ಕೆ ನಮ್ಮ ಕಡೆ ಥಪ್ಪಿ ಎನ್ನುತ್ತಾರೆ. ನಾನು ಚೀಲಗಳಿಗೆ ಸೀಮೆಸುಣ್ಣದಿಂದ ನಂಬರು ಹಾಕಿ, ಚೀಟಿ ಬರೆದು, ಕಣ್ಣು ಮುಚ್ಚಿ ಎತ್ತಿ, ಬಂದ ನಂಬರಿನ ಚೀಲವನ್ನೇ ಚುಚ್ಚಿದೆ. ಯಾರ ಮುಖವನ್ನೂ ನೋಡದ ನ್ಯಾಯದ ತಪಾಸಣೆ ಎಂದು ಎದೆಯುಬ್ಬಿಸಿಕೊಂಡು ಬಂದೆ. ಹದಿನೈದು ದಿನದಲ್ಲಿ ಹಿರೇಕೊಟ್ನೆಕಲ್ಲಿನ ಹೆಣ್ಣುಮಕ್ಕಳು ಬೂಸಲು ಹಿಡಿದ ಅಕ್ಕಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದು ರೇಷನ್ ಅಂಗಡಿಯ ಕಟ್ಟೆಯ ಮೇಲೆ ಸುರಿದರು.

ಸಾಹೇಬರು ನನ್ನನ್ನು ಮಾನ್ವಿಗೆ ಕರೆದುಕೊಂಡು ಹೋಗಿ ಉಳಿದಿದ್ದ ಥಪ್ಪಿಯ ಎದುರು ನಿಲ್ಲಿಸಿದರು. "ನಂಬರ ಎಲ್ಲೆಲ್ಲಿ ಹಾಕಿದಿ?" ಎಂದರು. ತೋರಿಸಿದೆ. ಕೈಗೆ ಎಟುಕಿದ ಹೊರಗಿನ ಚೀಲಗಳ ಮೇಲೆಲ್ಲ ನನ್ನ ಸೀಮೆಸುಣ್ಣ ಇತ್ತು. ಒಳಸಾಲಿನ ಚೀಲಗಳಿಗೆ ನಂಬರೇ ಇರಲಿಲ್ಲ. ಮಳೆಗಾಲದಲ್ಲಿ ಮೇಲಿನ ತಗಡು ಸೋರಿ ನೀರು ಇಳಿದದ್ದು ಆ ಒಳಸಾಲಿಗೇ. ಮಾಲೀಕರಿಗೂ ಅದು ಗೊತ್ತಿರಲಿಲ್ಲ, ಪಾಪ, ಕೈಮುಗಿದು ನಿಂತಿದ್ದರು.

"ಕಣ್ಣು ಮುಚ್ಚಿ ಚೀಟಿ ಎತ್ತಿದಿ, ಭೇಷ್. ಡಬ್ಬಿಯೊಳಗ ಹಾಕದೇ ಇರೋ ಚೀಟಿ ಕೈಗಿ ಹೆಂಗ ಬರ್ತದ?" ಎಂದರು ಸಾಹೇಬರು. ಹಮಾಲರ ಎದುರಿಗೇ ಅಂದದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಪಟ್ಟಿ ಬರೆಯುವುದು ನನಗೊಂದು ಹುಚ್ಚಾಯಿತು. ಕೊನೆಯ ಚೀಲದವರೆಗೆ ಥಪ್ಪಿ ಒಡೆಸಿ ಎಣಿಸುತ್ತಿದ್ದೆ. ಹಮಾಲರು ಬೈದುಕೊಳ್ಳುತ್ತಿದ್ದರು. ಇನ್ನು ಯಾವ ಚೀಲವೂ ನನ್ನಿಂದ ತಪ್ಪಿಸಿಕೊಳ್ಳುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ.

ಆ ನಂಬಿಕೆ ಇಟ್ಟುಕೊಂಡೇ ಒಂದು ಚಳಿಗಾಲ ದೇವದುರ್ಗಕ್ಕೆ ಹೋದೆ. ಅಲ್ಲಿನ ಒಂದು ಗೋದಾಮಿನಲ್ಲಿ ಊಟದ ಜೋಳವೂ, ಹಿಂಗಾರಿ ಬಿತ್ತನೆಗೆ ತರಿಸಿ ಮಿಕ್ಕಿದ್ದ ಬೀಜದ ಜೋಳವೂ ಒಂದೇ ಸೂರಿನ ಕೆಳಗೆ ಇದ್ದವು. ಆಗ ಹಾಗೇ ಇಡುತ್ತಿದ್ದರು, ಅದು ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಬೀಜಕ್ಕೆ ಕಾಡಿಗೆ ರೋಗ ಹತ್ತಬಾರದೆಂದು ಪಾದರಸದ ಔಷಧದ ಬೂದು ಪುಡಿ ಹಚ್ಚಿರುತ್ತಿದ್ದರು. ನೆಲಕ್ಕೆ ಬಿತ್ತಲು ಅದು ಅಮೃತ, ಹೊಟ್ಟೆಗೆ ಹೋದರೆ ವಿಷ. ಬೀಜದ ಚೀಲಗಳು ಬಟ್ಟೆಯವು, ಸಣ್ಣವು, ಒಬ್ಬಳು ಹೆಣ್ಣುಮಗಳು ಸೊಂಟದ ಮೇಲಿಟ್ಟುಕೊಂಡು ನಡೆಯಬಹುದಾದಷ್ಟು. ಮಿಕ್ಕ ಹನ್ನೆರಡು ಚೀಲಗಳನ್ನು ರಾಯಚೂರಿಗೆ ವಾಪಸು ಕಳಿಸಬೇಕಿತ್ತು. ಸೋಮವಾರ ನಾನು ಎಣಿಸಿದಾಗ ಹನ್ನೊಂದೇ ಇದ್ದವು.

ಹಮಾಲರ ಮುಖ್ಯಸ್ಥ ಮಹಿಬೂಬನನ್ನು ಕರೆದೆ. ಎಲ್ಲರೂ ಅವನನ್ನು ಮುಕಾದಮ ಎನ್ನುತ್ತಿದ್ದರು. ಅವನೂ ಎಣಿಸಿದ. ಹನ್ನೊಂದೇ.

"ಊಟದ ಜೋಳದಾಗ ಕೂಡಿಬಿಟ್ಟದೇನೋ ಸಾಬ್ರೇ" ಎಂದು ಅವನು ಮೆಲ್ಲಗೆ ಅಂದ.

ಕಾಗದ ತೆಗೆದು ಫಲಿತಗಣ ಬರೆದೆ. ಒಂದು, ಚೀಲ ಇಲ್ಲಿನ ಥಪ್ಪಿಯೊಳಗೆ ಸಿಕ್ಕಿಕೊಂಡಿದೆ. ಎರಡು, ಹೋದ ಶುಕ್ರವಾರ ಗೂಗಲ್ಲಿನ ರೇಷನ್ ಅಂಗಡಿಗೆ ಹೋದ ಲಾರಿಯಲ್ಲಿ ಹೋಗಿದೆ. ಮೂರು, ಹನ್ನೆರಡನೆಯ ಚೀಲ ರಾಯಚೂರಿನಿಂದ ಬಂದೇ ಇಲ್ಲ, ಬರೆದುಕೊಂಡವರ ತಪ್ಪು. ಬೇರೆ ಏನಾದರೂ ಆಗಿರಬಹುದೇ ಎಂದು ತಲೆ ಕೆರೆದುಕೊಂಡೆ. ಗೋದಾಮಿಗೆ ಒಂದೇ ಬಾಗಿಲು, ಒಂದೇ ಬೀಗ, ಬೀಗದ ಕೈ ಮುಕಾದಮನ ಉಡಿದಾರದಲ್ಲಿ. ಕಳವು ಆಗಿರಲಿಲ್ಲ. ಮೂರೇ ದಾರಿ ಎಂದು ಕೆಳಗೆ ಗೆರೆ ಎಳೆದೆ.

ಹೀಗೆ ಬರೆಯುತ್ತಿದ್ದಾಗ ನರಸಮ್ಮ ನನ್ನ ಮುಂದೆ ಡಬ್ಬಿ ತಂದಿಟ್ಟಳು. ಅವಳು ಗೋದಾಮಿನ ಕಸ ಹೊಡೆಯುವವಳು, ನಡುವಯಸ್ಸು ದಾಟಿದವಳು, ಗಂಡ ತೀರಿಕೊಂಡಿದ್ದ. ದೇವದುರ್ಗದಲ್ಲಿ ನಾನು ಖಾನಾವಳಿ ಹುಡುಕಿ ಅಲೆಯುವುದನ್ನು ಹಿಂದಿನ ಸಲವೇ ನೋಡಿದ್ದಳು. "ಮಗಳು ಚೊಚ್ಚಲ ಬಾಣಂತನಕ್ಕ ಬಂದಾಳ ಯಪ್ಪಾ. ಹೆಂಗೂ ಆಕಿ ಸಲುವಾಗಿ ರೊಟ್ಟಿ ಬಡಿತೀನಿ, ನಿಮಗೂ ಎರಡು ಬಡದೀನಿ" ಎಂದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಾಗದದಿಂದ ತಲೆ ಎತ್ತದೆ ತಿಂದೆ. ತಿನ್ನುತ್ತಲೇ ಕೇಳಿದೆ, "ನರಸಮ್ಮ, ಬೀಜದ ಚೀಲ ಯಾರರೆ ಒಯ್ದದ್ದು ನೋಡಿಯೇನು?"

"ಇಲ್ಲರಿ ಯಪ್ಪಾ. ಚೀಲ ಯಾರೂ ಮುಟ್ಟಿಲ್ಲ."

ಮಂಗಳವಾರ ಇಡೀ ಥಪ್ಪಿ ಒಡೆಸಿದೆ. ಒಂದೊಂದು ಚೀಲಕ್ಕೂ ಮೂರು ಕಡೆ ಸಲಾಕೆ ಹಾಕಿ, ಕಾಳನ್ನು ಬಿಳಿ ಬಟ್ಟೆಯ ಮೇಲೆ ಉಜ್ಜಿ ಬೂದು ಪುಡಿ ಇದೆಯೇ ಎಂದು ನೋಡಿದೆ. ಏನೂ ಇಲ್ಲ. ಆ ದಿನವೂ ನರಸಮ್ಮನ ರೊಟ್ಟಿ ತಿಂದು ಗೂಗಲ್ಲಿಗೆ ಓಡಿದೆ. ಅಂಗಡಿಯವನು ಇನ್ನೂ ಚೀಲ ಬಿಚ್ಚಿರಲಿಲ್ಲ. ಅಲ್ಲಿಯೂ ಎಲ್ಲವನ್ನೂ ನೋಡಿದೆ. ಏನೂ ಇಲ್ಲ. ಬರುವಾಗ ಹೊಳೆಯ ದಂಡೆಯಲ್ಲಿ ನಿಂತು ಅಲ್ಲಮಪ್ರಭುವಿನ ಗುಡಿಯ ಕಡೆ ಕೈಮುಗಿದೆ. ಮೂರರಲ್ಲಿ ಎರಡು ಹೋದವು, ಉಳಿದದ್ದು ಒಂದು. ಬುಧವಾರ ಮಧ್ಯಾಹ್ನ ವರದಿ ಬರೆದೆ. ಹನ್ನೆರಡನೆಯ ಚೀಲ ಬಂದೇ ಇಲ್ಲ. ಸಹಿ ಹಾಕಿದೆ. ಮೂರು ದಿನದ ಮೇಲೆ ಮೊದಲ ಸಲ ಉಸಿರು ಹಗುರಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ಖಾಲಿ ಡಬ್ಬಿ ಹಿಂದಿರುಗಿಸುವುದು ನಮ್ಮ ಕಡೆ ರೂಢಿಯಲ್ಲ. ಒಂದು ತುಂಡು ಬೆಲ್ಲ ಹಾಕಿಕೊಂಡು ನರಸಮ್ಮನ ಮನೆ ಕೇಳಿಕೊಂಡು ಹೋದೆ. ಬಾಗಿಲ ಬಿಸಿಲಿನಲ್ಲಿ ಅವಳ ಮಗಳು ಈರಮ್ಮ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಏಳು ತಿಂಗಳ ಬಸುರಿ. ಹುಟ್ಟುವ ಕೂಸಿಗೆಂದು ಹಳೆಯ ಸೀರೆ, ರವಿಕೆ ತುಂಡುಗಳನ್ನು ಜೋಡಿಸಿದ ಪುಟ್ಟ ಕೌದಿ. ಅದರ ನಟ್ಟನಡುವೆ ಒಂದು ಬಿಳಿ ತುಂಡು. ಅದರ ಮೇಲೆ ಒಗೆದು ಮಸುಕಾದ ಕೆಂಪು ಗುರುತು. ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಎಲುಬು.

ಬೀಜದ ಚೀಲಗಳ ಮೇಲೆ ಒತ್ತಿರುತ್ತಿದ್ದ ವಿಷದ ಗುರುತು ಅದು. "ಈ ಅರಿವಿ ಎಲ್ಲಿ ಸಿಕ್ತು?" ಎಂದು ಕೇಳಿದೆ.

ನರಸಮ್ಮ ಒಳಗಿನಿಂದ ಬಂದಳು. "ಗೋದಾಮದಾಗ ಗ್ವಾಡಿ ಮಗ್ಗಲ ಬಿದ್ದಿತ್ತು ಯಪ್ಪಾ. ಇಲಿ ಕಡದು ಹಾಳು ಮಾಡಿದ್ವು. ಗಟ್ಟಿ ಅರಿವಿ, ಕೂಸಿಗಿ ಬೆಚ್ಚಗ ಇರ್ತದಂತ ತಂದೆ."

"ಅದರೊಳಗಿನ ಕಾಳು?"

"ಎಲ್ಲಾ ನೆಲಕ್ಕ ಸುರುವಿತ್ತು. ಶನಿವಾರ ಬಳದು ತಂದು, ಎರಡು ನೀರಾಗ ತೊಳದು ಒಣಗಿಸಿ ಬೀಸೀನಿ." ಅವಳು ನಕ್ಕಳು. "ನೀವೂ ಎರಡು ದಿನ ಅದನ್ನ ತಿಂದ್ರಲ್ಲ."

ನೆಲಕ್ಕೆ ಉದುರಿದ ಕಾಳು ಕಸ ಹೊಡೆಯುವವರಿಗೆ ಸೇರಿದ್ದು. ನಿಜಾಮನ ಕಾಲದಿಂದ ಗೋದಾಮುಗಳಲ್ಲಿ ಹಾಗೇ ನಡೆದುಬಂದಿತ್ತು. ನನಗೂ ಗೊತ್ತಿತ್ತು, ಮುಕಾದಮನಿಗೂ ಗೊತ್ತಿತ್ತು, ದಿನಾ ಕಣ್ಣೆದುರಿಗೆ ನಡೆಯುತ್ತಿತ್ತು. ಆದರೆ ನಾನು ಮೂರು ದಿನವೂ ಹುಡುಕಿದ್ದು ಚೀಲವನ್ನು. ಕೇಳಿದ್ದೂ ಚೀಲವನ್ನು. ಚೀಲವನ್ನು ಯಾರೂ ಮುಟ್ಟಿಲ್ಲ ಎಂದು ಅವಳು ಖರೇನೇ ಹೇಳಿದ್ದಳು. ಇಲಿ ಕಡಿದ ಮೇಲೆ ಅದು ಚೀಲವಾಗಿ ಉಳಿದಿರಲಿಲ್ಲ. ಕಾಳು ಮತ್ತು ಅರಿವಿ ಆಗಿತ್ತು. ನನ್ನ ಪಟ್ಟಿಯಲ್ಲಿ ಕಾಳು ಇರಲಿಲ್ಲ.

ನಾನು ಏನು ಹೇಳಿದೆನೋ, ಹೇಗೆ ಹೇಳಿದೆನೋ ನೆನಪಿಲ್ಲ. ಈರಮ್ಮನ ಕೈಯಿಂದ ಸೂಜಿ ಬಿದ್ದದ್ದು ನೆನಪಿದೆ. ನರಸಮ್ಮ ಮಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, "ಆಕಿಗೇ ಹೆಚ್ಚಿಗಿ ತಿನಿಸೀನಲ್ಲೋ ಯಪ್ಪಾ, ನಾನ ಬಡದು ಬಡದು ತಿನಿಸೀನಿ" ಎಂದಳು. ನಾನು ಬಾಯಿಗೆ ಕೈ ಇಟ್ಟುಕೊಂಡು ಅಂಗಳದ ಮೂಲೆಗೆ ಓಡಿದೆ. ವಾಂತಿ ಆಗಲಿಲ್ಲ.

ಉಳಿದ ಹಿಟ್ಟು, ಕಾಳು, ಆ ಕೌದಿಯ ತುಂಡು ಎಲ್ಲವನ್ನೂ ಮಹಿಬೂಬ ಊರ ಹೊರಗೆ ಆಳವಾಗಿ ತೆಗ್ಗು ತೋಡಿ ಹುಗಿದ. ಮನೆಯ ಬೀಸುಕಲ್ಲಿನಲ್ಲೇ ಬೀಸಿದ್ದಳು, ಗಿರಣಿಗೆ ಒಯ್ದಿರಲಿಲ್ಲ. ಊರವರ ಹಿಟ್ಟಿನಲ್ಲಿ ಬೆರೆತಿಲ್ಲ ಎಂಬುದೊಂದೇ ಸಮಾಧಾನ. ಆ ಬೀಸುಕಲ್ಲನ್ನೂ ಹುಗಿಸಿದೆವು. ದವಾಖಾನೆಯ ಡಾಕ್ಟರು ಮೂವರನ್ನೂ ನೋಡಿ, "ತಿಂದದ್ದು ಮೂರ್ನಾಲ್ಕು ದಿನ. ಏನೂ ಆಗದಿರಬಹುದು. ಆದರೆ ಈ ಔಷಧ ಕೂಡಲೇ ತೋರಿಸಿಕೊಳ್ಳುವುದಿಲ್ಲ, ವಾರಗಳಾದ ಮೇಲೆ ಬೆರಳು ಜುಮುಗುಡಬಹುದು, ನಡಿಗೆ ತಪ್ಪಬಹುದು. ಹೊಟ್ಟೆಯಲ್ಲಿರುವ ಕೂಸಿನ ಬಗ್ಗೆ ಈಗಲೇ ಹೇಳಲು ಬರುವುದಿಲ್ಲ, ಹುಟ್ಟುವವರೆಗೆ ಕಾಯಬೇಕು" ಎಂದರು.

ರಾಯಚೂರಿಗೆ ಬಂದು ಸಾಹೇಬರ ಮುಂದೆ ಸುಳ್ಳು ವರದಿಯನ್ನೂ, ನಿಜವನ್ನೂ ಒಟ್ಟಿಗೆ ಇಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಯಿಯ ಎಲೆ ಉಗುಳಿ ಬಂದು ನನ್ನೆದುರು ಕುಳಿತರು. ನಾನೇ ಕಾಗದ ತೆಗೆದು ಹುಚ್ಚನಂತೆ ಬರೆಯತೊಡಗಿದೆ. ತಾಯಿಯೂ ಕೂಸೂ ಕ್ಷೇಮ. ತಾಯಿ ಕ್ಷೇಮ, ಕೂಸಿಗೆ ತೊಂದರೆ. ಕೂಸು ಕ್ಷೇಮ, ತಾಯಿಗೆ ತೊಂದರೆ. ಇಬ್ಬರಿಗೂ ತೊಂದರೆ. ನಾಲ್ಕಾಣೆ, ಎಂಟಾಣೆ. "ನಾಲ್ಕರಾಗ ಒಂದೇ ಚೊಲೊ ಅದ ಸಾಹೇಬ್ರೇ" ಎಂದೆ. ಅಳು ಬಂತು.

"ನಾಲ್ಕು ಅವ ಅಂದ ಮಾತ್ರಕ್ಕ ನಾಲ್ಕೂ ಸಮ ತೂಕ ಅಲ್ಲೋ" ಎಂದರು ಅವರು. ನಾನು ಅವರಿಂದ ಅಷ್ಟು ಮೆತ್ತಗಿನ ದನಿ ಕೇಳಿದ್ದು ಅದೊಂದೇ ಸಲ. "ನಾಣ್ಯ ಎರಡೂ ಮಗ್ಗಲ ಸಮ ಇರ್ತದ, ಅದಕ್ಕ ಪಾಲು ಹಂಚತೀವಿ. ಇದು ನಾಣ್ಯ ಅಲ್ಲ. ಪಟ್ಟಿ ಏನೇನು ಆಗಬಹುದು ಅಂತ ಹೇಳ್ತದ. ಯಾವುದು ಎಷ್ಟು ಭಾರ ಅಂತ ಹೇಳಂಗಿಲ್ಲ. ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಡಾಕ್ಟರಗೂ ಗೊತ್ತಿಲ್ಲ."

ಆ ಎರಡು ತಿಂಗಳು ಹೇಗೆ ಕಳೆದೆನೋ. ಬೆಳಿಗ್ಗೆ ಎದ್ದೊಡನೆ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡುತ್ತಿದ್ದೆ. ತುಟಿ ಜುಮ್ಮೆಂದರೆ ವಿಷವೇ ಅಂಜಿಕೆಯೇ ತಿಳಿಯುತ್ತಿರಲಿಲ್ಲ. ಹೆಂಡತಿಗೆ ಹೇಳಿರಲಿಲ್ಲ. ಅವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ತಿನ್ನುತ್ತಿದ್ದೆ, ಅವಳು ಸಿಟ್ಟಾಗುತ್ತಿದ್ದಳು. ನಾಲ್ಕನೆಯ ವಾರ ಮಹಿಬೂಬ ಕೆಲಸದ ಮೇಲೆ ರಾಯಚೂರಿಗೆ ಬಂದವನು, "ಈರಮ್ಮಂದು ಬಲಗೈ ಬೆರಳು ಮರಗಟ್ಟ್ಯಾವಂತ ಸಾಬ್ರೇ" ಎಂದ. ನನ್ನ ಪಟ್ಟಿಯ ಮೊದಲ ಎರಡು ಸಾಲು ಅಳಿಸಿಹೋದವು. ಉಳಿದ ಎರಡರಲ್ಲಿ ಕೂಸು ಎಲ್ಲಿದೆ ಎಂಬುದೊಂದೇ ಹಗಲೂ ರಾತ್ರಿ ತಲೆ ತಿನ್ನುತ್ತಿತ್ತು.

ಮುಂದೆ ಎಂಬತ್ತರ ದಶಕದಲ್ಲಿ ಪದ್ಧತಿ ಬದಲಾಯಿತು. ಬೀಜಕ್ಕೆ ಬೇರೆ ಕೋಣೆ, ಬೇರೆ ಬೀಗ ಬಂತು. ಯಾರಿಗಾದರೂ ಕಣ್ಣಿಗೆ ಹೊಡೆಯುವಂತೆ ಬೀಜಕ್ಕೆ ಕೆಂಪು ಬಣ್ಣ ಹಚ್ಚತೊಡಗಿದರು. ಉದುರಿದ ಕಾಳನ್ನು ನೋಡದೆ ಹೊರಗೆ ಬಿಡಬಾರದು ಎಂದಾಯಿತು. ಅದಕ್ಕಾಗಿ ಕಸ ಹೊಡೆಯುವ ಹೆಣ್ಣುಮಕ್ಕಳು ನನ್ನನ್ನು ಬೈದದ್ದೂ ಉಂಟು, ಬೈಯಲಿ. ಇವೆಲ್ಲ ಆಮೇಲಿನ ಮಾತು.

ಹೆರಿಗೆಯಾದ ಸುದ್ದಿ ಬಂದಾಗ ಕೂಸು ಹೇಗಿದೆ ಎಂದು ಕೇಳುವ ಧೈರ್ಯ ಆಗಲಿಲ್ಲ. ನೇರ ದೇವದುರ್ಗದ ಬಸ್ಸು ಹತ್ತಿದೆ. ಆ ದಾರಿ ಅಷ್ಟು ಉದ್ದ ಎಂದು ಅವತ್ತೇ ಗೊತ್ತಾದದ್ದು. ನರಸಮ್ಮ ಅದೇ ಬಾಗಿಲಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಹೆಣ್ಣುಕೂಸು. ಕೈಕಾಲು ಬಡಿದು ಓಣಿ ಕೇಳುವಂತೆ ಅಳುತ್ತಿತ್ತು. ನಾನು ಬೆರಳು ಮುಂದೆ ಮಾಡಿದೆ, ಗಪ್ಪನೆ ಹಿಡಿಯಿತು. ಬಿಡಲಿಲ್ಲ. ನಾನು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟೆ.

"ಡಾಕ್ಟರು ಚೊಲೊ ಅದ ಅಂದಾರ" ಎಂದಳು ನರಸಮ್ಮ. ಒಳಗೆ ಈರಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಆ ಕೌದಿ, ನಡುವೆ ತುಂಡು ಕತ್ತರಿಸಿದ ತೂತಿನೊಂದಿಗೆ ಹಾಗೇ ಇತ್ತು. ಅವಳಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಮುಂದೆಯೂ ಬರಲಿಲ್ಲ.

ನರಸಮ್ಮ ಕೂಸಿನ ಮೇಲಿಂದ ಕಣ್ಣೆತ್ತದೆ ಕೇಳಿದಳು, "ಅವತ್ತು ಏನೋ ಬರಕೋತ ಕುಂತಿದ್ರಲ್ಲ. ಚೀಲ ಎಲ್ಲೆಲ್ಲಿ ಹೋಗಿರಬಹುದು ಅಂತ ಬರದ್ರಂತ ಮುಕಾದಮ ಅಂದ. ನಾ ರೊಟ್ಟಿ ಇಟ್ಟು ಮುಂದ ನಿಂತಿದ್ದೆ. ಅದ್ರಾಗ ನನ್ನ ಹೆಸರು ಇತ್ತೇನ್ರೀ?"

"ಇರಲಿಲ್ಲ ಯವ್ವಾ."

ಆ ಕಾಗದ ಮಡಚಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು, ಎರಡು ತಿಂಗಳಿಂದ ಅದನ್ನು ಹೊತ್ತು ತಿರುಗುತ್ತಿದ್ದೆ. ಬಿಚ್ಚಿ ಮೊಣಕಾಲ ಮೇಲಿಟ್ಟು, ಎಳೆದ ಗೆರೆಯ ಕೆಳಗೆ ನರಸಮ್ಮ ಎಂದು ಬರೆದೆ. ಅವಳು ಎಣ್ಣೆಯ ಬೆರಳನ್ನು ಅಕ್ಷರದ ಮೇಲೆ ಇಟ್ಟಳು.

"ಇದು ನನ್ನ ಹೆಸರೇನು?"

"ಹೌದು."

"ಈಗ ಬರದ್ರ ಏನು ಬಂತು ಯಪ್ಪಾ" ಎಂದಳು. ಸಿಟ್ಟಿನಿಂದ ಅಲ್ಲ. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, "ಊಟದ ಹೊತ್ತಾತು, ರೊಟ್ಟಿ ತಿಂದು ಹೋಗ್ರಿ" ಎಂದು ಒಳಗೆ ಹೋದಳು.

ತಾಟಿನಲ್ಲಿ ರೊಟ್ಟಿ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ತಿಂದೆ.